ಹೆಣ ಕಂಡ ಹೊತ್ತು ಬೇರೆ, ಸತ್ತ ಹೊತ್ತು ಬೇರೆ

ಅನುಮಾನದ ಸಾವಿನ ಎಷ್ಟೋ ಪ್ರಕರಣಗಳು ಕೋರ್ಟಿನಲ್ಲಿ ಬಿದ್ದುಹೋಗುವುದು ಮನೆಯವರೇ ಬರೆಸಿದ ಒಂದು ಸಾಲಿನಿಂದ. ಬೆಳಗ್ಗೆ ಆರಕ್ಕೆ ಹೆಣ ನೋಡಿರುತ್ತಾರೆ. ‘ಎಷ್ಟೊತ್ತಿಗೆ ಸತ್ತಿದ್ದು?’ ಎಂದು ಠಾಣೆಯ ರೈಟರ್ ಕೇಳಿದಾಗ ಅಳುತ್ತಲೇ ‘ಆರು ಗಂಟೆಗೆ ಸಾರ್’ ಎಂದುಬಿಡುತ್ತಾರೆ. ದೂರಿನಲ್ಲಿ ‘ಬೆಳಗ್ಗೆ 6ಕ್ಕೆ ಮೃತಪಟ್ಟಿರುತ್ತಾರೆ’ ಎಂದಾಗುತ್ತದೆ. ವೈದ್ಯರ ವರದಿ ಹಿಂದಿನ ಸಂಜೆಯೇ ಸಾವು ಎನ್ನುತ್ತದೆ. ಪಾಟೀಸವಾಲಿನಲ್ಲಿ ಆರೋಪಿಯ ವಕೀಲರಿಗೆ ಅಷ್ಟು ಸಾಕು.

ಅದಕ್ಕೇ ಹೇಳುತ್ತೇನೆ: ಜೀವಂತವಾಗಿ ಕೊನೆಗೆ ಯಾರು, ಎಷ್ಟು ಹೊತ್ತಿಗೆ ನೋಡಿದರು, ಹೆಣ ಕಂಡದ್ದು ಯಾವಾಗ, ಇವೆರಡನ್ನೇ ಬರೆಸಿ. ಕೊನೆಯ ಊಟ ಯಾವಾಗ, ಏನು ಎಂಬುದು ಗೊತ್ತಿದ್ದರೆ ಸೇರಿಸಿ. ಸತ್ತ ಹೊತ್ತು ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನಿ. ಯಾರೂ ನಿಮ್ಮನ್ನು ಬೈಯುವಂತಿಲ್ಲ.

ಆ ಹೊತ್ತನ್ನು ದೇಹವೇ ಹೇಳುತ್ತದೆ, ಅದೂ ಅಂದಾಜಿನಲ್ಲಿ. ಸತ್ತ ಕೆಲವೇ ಗಂಟೆಗಳಲ್ಲಿ ರಕ್ತ ಕೆಳಮಗ್ಗುಲಿಗೆ ಇಳಿದು ನೇರಳೆ ಕಲೆ ಮೂಡುತ್ತದೆ. 6ರಿಂದ 12 ಗಂಟೆಯಲ್ಲಿ ಅದು ನೆಲೆ ನಿಂತರೆ ಹೆಣ ಹೊರಳಿಸಿದರೂ ಜಾಗ ಬಿಡುವುದಿಲ್ಲ. ಅಂಗಾತ ಮಲಗಿಸಿದ ಹೆಣದ ಎದೆಯ ಮೇಲೆ ಕಲೆಯಿದ್ದರೆ ಯಾರೋ ಆಮೇಲೆ ಹೊರಳಿಸಿದ್ದಾರೆಂದೇ ಅರ್ಥ. ರೆಪ್ಪೆ, ದವಡೆಯಿಂದ ಶುರುವಾಗುವ ಸೆಟೆತ ಸುಮಾರು 12 ಗಂಟೆಯಲ್ಲಿ ಮೈಯೆಲ್ಲ ಹಿಡಿದು, ಆಮೇಲೆ ಬಿಡುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಬೇಗ, ಚಳಿಗಾಲದಲ್ಲಿ ತಡ. ಹೊಟ್ಟೆಯ ಬಲಭಾಗ ಹಸಿರಾಗುವುದು, ಹುಳ ಬೀಳುವುದು ನಂತರದ ಮಾತು.

ಫ್ರೀಜರ್ ಬಾಕ್ಸ್ ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಮದುವೆಯಾದ ಹೆಣ್ಣುಮಗಳು ಸತ್ತಾಗ ತವರಿನವರು ಬರುವಷ್ಟರಲ್ಲಿ ಗಂಡನ ಮನೆಯವರು ಸ್ನಾನ ಮಾಡಿಸಿ ಬಾಕ್ಸಿಗೆ ಹಾಕಿರುತ್ತಾರೆ. ಹಾಕಿದ ಹೊತ್ತನ್ನು ಕೇಳಿ ತಿಳಿದು ಪೊಲೀಸರಿಗೂ ವೈದ್ಯರಿಗೂ ಹೇಳಿ, ಬರೆಸಿ. ಆದರೆ ಉಸಿರಿದೆಯೇನೋ ಎಂಬ ಸಣ್ಣ ಅನುಮಾನವಿದ್ದರೂ ಸಾಕ್ಷ್ಯದ ಯೋಚನೆ ಬಿಟ್ಟು ಮೊದಲು ಆಸ್ಪತ್ರೆಗೆ ಓಡಿ.

ನೀರಿನಲ್ಲಿ ಕೊಳೆಯುವುದು ನಿಧಾನ, ಆದ್ದರಿಂದ ನಾಲೆಯಲ್ಲಿ ಸಿಕ್ಕ ದೇಹಕ್ಕೆ ಗಂಟೆಯ ಲೆಕ್ಕ ನಡೆಯುವುದಿಲ್ಲ. 2022ರ ಜೂನ್‌ನಲ್ಲಿ ಪಾಂಡವಪುರದ ಬೇಬಿ ಗ್ರಾಮ, ಶ್ರೀರಂಗಪಟ್ಟಣದ ಅರಕೆರೆ ಬಳಿ ಇಬ್ಬರು ಮಹಿಳೆಯರ ಅರ್ಧ ದೇಹಗಳು ಸಿಕ್ಕಾಗ ದಾರಿ ತೋರಿದ್ದು ಚಾಮರಾಜನಗರದ ಒಂದು ನಾಪತ್ತೆ ದೂರು. ಅದಕ್ಕೇ ನಾಪತ್ತೆ ದೂರು ಕೊಡಲು ಹೋದಾಗ ‘ಎರಡು ದಿನ ಕಾಯಿರಿ, ಬರ್ತಾರೆ’ ಎಂದು ಠಾಣೆಯಲ್ಲಿ ವಾಪಸು ಕಳಿಸಿದರೆ ಹೊರಡಬೇಡಿ. ಅಷ್ಟಕ್ಕೂ ಕೇಳದಿದ್ದರೆ ನಮ್ಮ ಮಂಡ್ಯ ಜಿಲ್ಲೆಯ ಎಸ್ಪಿಗೆ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ, ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸತ್ತು, ಸಂಬಂಧಿಕರೊಬ್ಬರು ಕೇಳಿಕೊಂಡರೆ ಸಾಕು, ಪೊಲೀಸರು ದೇಹವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಬೇಕು. ದಾರಿಯಲ್ಲೇ ಕೊಳೆತು ಪರೀಕ್ಷೆ ವ್ಯರ್ಥವಾಗುವಂತಿದ್ದರೆ ಮಾತ್ರ ವಿನಾಯಿತಿ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇರುವಾಗ ನಾಗಮಂಗಲ, ಕೆ.ಆರ್. ಪೇಟೆಯವರಿಗೂ ಆ ನೆಪ ಹೇಳುವಂತಿಲ್ಲ. ಶವಪಂಚನಾಮೆಗೆ ಸ್ಥಳೀಯರಾದ ಇಬ್ಬರು ಗೌರವಸ್ಥರಾದರೂ ಇರಬೇಕು, ವರದಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ, ಈ ನಮ್ಮ ನಾಲ್ಕು ತಾಲ್ಲೂಕಿಗೆ ಉಪವಿಭಾಗದ ಮ್ಯಾಜಿಸ್ಟ್ರೇಟರು ಪಾಂಡವಪುರದ ಎಸಿ. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆದರೆ ತಂದೆತಾಯಿ, ಒಡಹುಟ್ಟಿದವರು ಹಾಜರಿರಬಹುದು. ‘ಹೊರಗೆ ನಿಂತ್ಕೊಳ್ಳಿ’ ಎಂದರೆ 196ನೇ ಕಲಂ ತೋರಿಸಿ.

ಶವಾಗಾರದ ಬಾಗಿಲಲ್ಲಿ ‘ಬೇಗ ಬಾಡಿ ಕೊಡಿಸ್ತೀನಿ’ ಎಂದು ದುಡ್ಡು ಕೇಳುವವರ ಬಗ್ಗೆ ನನಗೆ ತಡೆಯಲಾರದ ಕೋಪವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಹಣವಿಲ್ಲ. ಅವರು ಅವಸರ ಮಾಡಿ ಖಾಲಿ ಹಾಳೆಗೂ ಸಹಿ ಹಾಕಿಸುತ್ತಾರೆ, ಹಾಕಬೇಡಿ. ಅನುಮಾನ ಉಳಿದಿದ್ದರೆ ದೇಹ ಸುಡಬೇಡಿ, ಹೂಳಿ. ಮ್ಯಾಜಿಸ್ಟ್ರೇಟರ ಆದೇಶದಿಂದ ಮತ್ತೆ ತೆಗೆಸಬಹುದು. ಆಗ ಸಾವಿನ ಕಾರಣ ಸಿಕ್ಕೀತು, ಹೊತ್ತು ಸಿಗುವುದು ಕಷ್ಟ.

ವರದಿ ಬಂದಾಗ ‘18ರಿಂದ 24 ಗಂಟೆ’ ಎಂದಿದ್ದರೆ ಹೆಣ ಕಂಡ ಹೊತ್ತಿನಿಂದ ಎಣಿಸಬೇಡಿ, ಪರೀಕ್ಷೆಯ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಮಧ್ಯಾಹ್ನ 2ಕ್ಕೆ ಪರೀಕ್ಷೆಯಾಗಿದ್ದರೆ ಸಾವು ಹಿಂದಿನ ದಿನ 2ರಿಂದ ರಾತ್ರಿ 8ರ ನಡುವೆ. ದೂರಿನಲ್ಲಿ ಬೇರೆ ಹೊತ್ತು ಬಿದ್ದಿದ್ದರೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಗುವ ಮೊದಲೇ ತನಿಖಾಧಿಕಾರಿಗೆ ಬರಹದಲ್ಲಿ ಪೂರಕ ಹೇಳಿಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೆಯುವವರಿಲ್ಲದಿದ್ದರೆ ನಿಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ.