ನವಿಲು ಮತ್ತು ಹೊಲ
ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಭೂಹಿಡುವಳಿದಾರರಿಗೂ ಊರ ಹಿರಿಯರಿಗೂ ತಿಳಿವಳಿಕೆ

ಯಾದಗಿರಿ, ಶಹಾಪುರ ಮತ್ತು ಸುರಪುರ ಸೀಮೆಯು ಕಲ್ಲುಗುಡ್ಡಗಳಿಂದಲೂ ಕುರುಚಲು ಪೊದೆಗಳಿಂದಲೂ ಕೂಡಿದುದು. ಗುಡ್ಡದ ಬುಡದಲ್ಲಿಯೇ ತೊಗರಿ, ಹತ್ತಿ, ಶೇಂಗಾ, ಸಜ್ಜೆ, ಜೋಳದ ಹೊಲಗಳಿವೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದಲ್ಲಿ ಭತ್ತವೂ ಬೆಳೆಯುತ್ತದೆ. ಅಡಗಲು ಪೊದೆ, ಮೇಯಲು ಹೊಲ, ಕುಡಿಯಲು ನೀರು, ಈ ಮೂರೂ ಒಂದೆಡೆ ದೊರೆತಲ್ಲಿ ನವಿಲು ನೆಲೆಸುವುದು ಸಹಜ. ಅದರೊಡನೆ ನಷ್ಟವಿಲ್ಲದೆ ಬಾಳುವ ಬಗೆಯನ್ನು ಇಲ್ಲಿ ಹೇಳಿದೆ.

೧. ಪಕ್ಷಿಯ ಸ್ವಭಾವ

ನವಿಲು ರಾತ್ರಿ ಎತ್ತರವಾದ ಮರಗಳ ಮೇಲೆ ತಂಗಿ, ಬೆಳಗಿನ ಜಾವದಲ್ಲಿಯೂ ಸಂಜೆಯಲ್ಲಿಯೂ ಮೇಯಲು ಇಳಿಯುತ್ತದೆ. ಬಿಸಿಲೇರಿದ ಮೇಲೆ ನೆರಳಿಗೆ ಸೇರುತ್ತದೆ. ಮಳೆಗಾಲವು ಅದರ ಸಂತಾನಕಾಲ. ಹೆಣ್ಣು ಪೊದೆಯ ಮರೆಯಲ್ಲಿ ನೆಲದ ಮೇಲೆಯೇ ಸಾಮಾನ್ಯವಾಗಿ ೪ರಿಂದ ೬ ಮೊಟ್ಟೆಗಳನ್ನಿಟ್ಟು, ಸುಮಾರು ೨೮ ದಿನ ತಾನೊಂದೇ ಕಾವು ಕೊಡುತ್ತದೆ. ಮಳೆಗಾಲ ಹಿಂದೆ ಸರಿಯುತ್ತಲೇ ಗಂಡಿನ ಉದ್ದ ಗರಿಗಳು ತಾವಾಗಿ ಉದುರುತ್ತವೆ.

೨. ಲಾಭ ಮತ್ತು ನಷ್ಟ

ಮಿಡತೆ, ಗೆದ್ದಲು, ಹುಳು, ಇಲಿಮರಿ, ಸಣ್ಣ ಹಾವು, ಇವೆಲ್ಲವೂ ನವಿಲಿನ ಆಹಾರವೇ. ಆದರೆ ಈ ಲಾಭವನ್ನು ಹೆಚ್ಚಿಸಿ ಹೇಳುವುದು ಸರಿಯಲ್ಲ. ಹೊಸದಾಗಿ ಬಿತ್ತಿದ ಕಾಳನ್ನು ಕೆದಕುವುದು, ಎಳೆಯ ಮೊಳಕೆಯನ್ನು ಕೀಳುವುದು, ಶೇಂಗಾ ಕಾಯಿ, ಮೆಣಸಿನಕಾಯಿ ಮತ್ತು ಮಾಗಿದ ತೆನೆಗಳನ್ನು ತಿನ್ನುವುದು ರೈತರು ಕಂಡ ಸಂಗತಿಗಳೇ. ನಷ್ಟವು ವರ್ಷವಿಡೀ ಒಂದೇ ಸಮನಾಗಿರದು. ಬಿತ್ತನೆಯ ತರುವಾಯದ ಎರಡು ವಾರಗಳು ಮತ್ತು ಕೊಯ್ಲಿಗೆ ಮುಂಚಿನ ದಿನಗಳು ಮುಖ್ಯವಾದುವು. ಕಾವಲಿನ ಶ್ರಮವನ್ನು ಈ ದಿನಗಳಲ್ಲಿ ವಿನಿಯೋಗಿಸಿದರೆ ಉಳಿದ ಕಾಲದಲ್ಲಿ ಚಿಂತೆ ಕಡಿಮೆಯಾಗುವುದು.

೩. ವಿಷದಿಂದಾಗುವ ಅನಾಹುತ

ವಿಷ ಬೆರೆಸಿದ ಕಾಳನ್ನು ಬದುವಿನ ಮೇಲೆ ಚೆಲ್ಲುವುದು ಘೋರವಾದ ತಪ್ಪು. ಆ ಕಾಳನ್ನು ಕೌಜುಗ, ಪಾರಿವಾಳ, ಮನೆಯ ಕೋಳಿಗಳೂ ತಿನ್ನುತ್ತವೆ. ಸತ್ತ ಪಕ್ಷಿಯನ್ನು ತಿಂದ ನಾಯಿಯೂ ಸಾಯಬಹುದು. ಮನಸ್ಸಿನಲ್ಲಿ ಕೇಡಿಲ್ಲದವನ ಹೊಲದಲ್ಲಿಯೂ ನವಿಲು ಸಾಯುವುದುಂಟು. ಇಂದು ಅಂಗಡಿಯಲ್ಲಿ ದೊರೆಯುವ ಅನೇಕ ಬೀಜಗಳಿಗೆ ಔಷಧಿ ಲೇಪಿಸಿರುತ್ತಾರೆ. ಬಿತ್ತುವಾಗ ಹೊಲದ ತಲೆಯಲ್ಲಿ ಚೆಲ್ಲಿದ ಬೀಜವನ್ನು ಹಾಗೆಯೇ ಬಿಡದೆ ಮಣ್ಣಿನಲ್ಲಿ ಹೂಳತಕ್ಕದ್ದು.

ನವಿಲು ೧೯೬೩ರಲ್ಲಿ ರಾಷ್ಟ್ರಪಕ್ಷಿಯೆಂದು ಘೋಷಿಸಲ್ಪಟ್ಟಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಅದು ಸೇರಿದೆ. ಅದನ್ನು ಕೊಲ್ಲುವುದು, ವಿಷವಿಡುವುದು, ಉರುಲಿನಿಂದ ಹಿಡಿಯುವುದು, ಗೂಡನ್ನೂ ಮೊಟ್ಟೆಗಳನ್ನೂ ಕೆಡಿಸುವುದು, ಇವೆಲ್ಲವೂ ಅಪರಾಧ. ಶಿಕ್ಷೆಯು ೩ ವರ್ಷಕ್ಕೆ ಕಡಿಮೆಯಿಲ್ಲದೆ ೭ ವರ್ಷದವರೆಗೆ ಸೆರೆವಾಸ, ಮೇಲೆ ದಂಡ. ಒಂದು ಹಿಡಿ ಮೊಳಕೆಗಾಗಿ ಮನೆಯ ದುಡಿಯುವ ಕೈಯೇ ಸೆರೆಮನೆ ಸೇರಿದರೆ ಆ ವರ್ಷದ ಬೇಸಾಯದ ಗತಿಯೇನೆಂಬುದನ್ನು ಪ್ರತಿಯೊಬ್ಬರೂ ಯೋಚಿಸಬೇಕು.

೪. ಮನೆಯಲ್ಲಿ ಸಾಕುವ ವಿಚಾರ

ಎಡೆ ಹೊಡೆಯುವಾಗ ದೊರೆತ ಮೊಟ್ಟೆಗಳನ್ನು ಕನಿಕರದಿಂದ ಮನೆಗೆ ತಂದು ಕೋಳಿಯ ಕೆಳಗೆ ಇಡುವವರಿದ್ದಾರೆ. ಇದು ಕಾಯಿದೆಗೂ ವಿರೋಧ, ಪಕ್ಷಿಗೂ ಕೇಡು. ಮನುಷ್ಯರಿಗೆ ಹೊಂದಿಕೊಂಡ ಮರಿಯು ನಾಯಿಗೂ ಅಂಜದೆ ಅದರ ಬಾಯಿಗೆ ಬೀಳುತ್ತದೆ. ಕೊಕ್ಕರೆ ರೋಗವೆಂದು ಕರೆಯಲ್ಪಡುವ ರಾಣಿಖೇತ್ ಮೊದಲಾದ ರೋಗಗಳು ಕೋಳಿಗಳಿಂದ ನವಿಲಿಗೂ ತಗಲಬಹುದು. ಬೆಳೆದ ಗಂಡಿಗೆ ಕಾಲಿನಲ್ಲಿ ಚೂಪಾದ ಮುಳ್ಳಿರುತ್ತದೆ. ಸಂತಾನಕಾಲದಲ್ಲಿ ಕನ್ನಡಿಯಲ್ಲಿ ಕಂಡ ತನ್ನ ನೆರಳನ್ನೇ ವೈರಿಯೆಂದು ಬಗೆದು ಎರಗುವುದುಂಟು. ಅಂಗಳದಲ್ಲಿ ದಿನವೂ ಕಾಳು ಚೆಲ್ಲಿ ರೂಢಿ ಮಾಡಿಸಿದರೆ ಅದೇ ಹಿಂಡು ನೆರೆಯವನ ಹೊಲಕ್ಕೂ ಇಳಿದು ಜಗಳಕ್ಕೆ ಕಾರಣವಾಗುವುದು.

ಗೂಡು ಕಂಡಲ್ಲಿ ಅದರ ಸುತ್ತ ನಾಲ್ಕಾರು ಮಾರು ನೆಲವನ್ನು ಒಂದು ತಿಂಗಳು ಮುಟ್ಟದೆ ಬಿಡುವುದೇ ನಿಜವಾದ ಕನಿಕರ. ಉದುರಿದ ಗರಿಯನ್ನು ಆರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಕೀಳತಕ್ಕದ್ದಲ್ಲ.

೫. ಬೆಳೆಯ ರಕ್ಷಣೆ

(ಅ) ಬೀಜವನ್ನು ಹದವಾದ ಆಳಕ್ಕೆ ಬಿತ್ತಿ, ಮೇಲೆ ಕುಂಟೆಯಾಡಿಸಿ ಚೆನ್ನಾಗಿ ಮುಚ್ಚಬೇಕು.
(ಆ) ಅಕ್ಕಪಕ್ಕದ ಹೊಲದವರು ಕೂಡಿಕೊಂಡು ಒಂದೇ ಹದದಲ್ಲಿ ಬಿತ್ತಿದರೆ ನಷ್ಟವು ಹಂಚಿಹೋಗುವುದು. ಒಂಟಿಯಾಗಿ ಮುಂಚೆ ಬಿತ್ತಿದ ಹೊಲಕ್ಕೆ ಹಿಂಡೆಲ್ಲವೂ ಇಳಿಯುತ್ತದೆ.
(ಇ) ಬೆಳಿಗ್ಗೆಯೂ ಸಂಜೆಯೂ ಸರದಿಯ ಮೇಲೆ ಕಾವಲಿರಬೇಕು. ತಗಡು ಬಡಿಯುವುದು, ಕೂಗುವುದು ಸಾಕು. ಕವಣೆಯ ಕಲ್ಲು ಬೇಡ.
(ಈ) ಬೆದರುಬೊಂಬೆಯನ್ನೂ ಮಿನುಗುವ ಪಟ್ಟಿಯನ್ನೂ ಮೂರು ನಾಲ್ಕು ದಿನಗಳಿಗೊಮ್ಮೆ ಬೇರೆಡೆಗೆ ಸರಿಸಬೇಕು. ಒಂದೇ ಕಡೆ ಇದ್ದುದಕ್ಕೆ ನವಿಲು ಅಂಜದು.
(ಉ) ಕಿತ್ತ ಶೇಂಗಾ ಬಣವೆಯನ್ನು ಮುಚ್ಚಿಡಬೇಕು.
(ಊ) ಬೇಲಿಗೆ ವಿದ್ಯುತ್ ಹರಿಸತಕ್ಕದ್ದಲ್ಲ. ಅದು ದನಕ್ಕೂ ಮನುಷ್ಯರಿಗೂ ಮೃತ್ಯು.

೬. ಊರ ಹಿರಿಯರ ಕರ್ತವ್ಯ

ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯೊಳಗೆ ಖಿಲಾರಿ ದನಗಳ ತಳಿಸಂವರ್ಧನ ಕ್ಷೇತ್ರವಿದೆ. ಅಲ್ಲಿಯ ಹುಲ್ಲು, ಕಂದಕದ ಪೊದೆಗಳ ಆಸರೆಯಲ್ಲಿ ನವಿಲುಗಳು ವೃದ್ಧಿಯಾದವು. ೨೦೦೬ರಲ್ಲಿ ಆ ಸ್ಥಳವು ನವಿಲುಧಾಮವೆಂದು ಘೋಷಿತವಾಯಿತು. ಪಂಜರವಿಲ್ಲದೆ, ಠಾವನ್ನು ಕೆಡಿಸದೆ ಬಿಟ್ಟುದೇ ಅಲ್ಲಿಯ ರಕ್ಷಣೆ. ದನವೂ ನವಿಲೂ ಒಂದೇ ನೆಲದಲ್ಲಿ ಬಾಳಬಹುದೆಂಬುದಕ್ಕೆ ಇದು ಸಾಕ್ಷಿ.

ಆದುದರಿಂದ ಊರ ಹಿರಿಯರು ಗುಡ್ಡದ ಅಂಚಿನ ಪೊದೆಗಳಿಗೆ ಬೆಂಕಿಯಿಡದಂತೆ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಬೆಳೆಯಿಂದ ದೂರದಲ್ಲಿ, ಗುಡ್ಡದ ಕಡೆಗೆ, ಒಂದು ತೊಟ್ಟಿ ನೀರು ಇಡಿಸಿದರೆ ಹಿಂಡು ಊರೊಳಗೆ ನುಗ್ಗುವುದು ತಗ್ಗುವುದು. ಗಾಯಗೊಂಡ ಅಥವಾ ಸತ್ತ ನವಿಲು ಕಂಡಲ್ಲಿ ಅದನ್ನು ಮನೆಗೆ ಒಯ್ಯದೆ ಅರಣ್ಯ ಇಲಾಖೆಯವರಿಗೆ ಕೂಡಲೇ ತಿಳಿಸಬೇಕು. ಓದುಬರಹ ತಿಳಿಯದವರಿಗೆ ಈ ಸಂಗತಿಗಳನ್ನು ಮುಂಗಾರಿ ಬಿತ್ತನೆಗೆ ಮೊದಲೇ ಓದಿಹೇಳುವುದು ಉಚಿತ.