ಮನೆಯೇ ಮಕ್ಕಳ ಶಾಲೆಯಾಗಬಹುದೇ?



ಮಗುವನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಓದಿಸಿದರೆ ಹೇಗೆ ಎಂಬ ಯೋಚನೆ ನಿಮಗೂ ಒಮ್ಮೆಯಾದರೂ ಬಂದಿರಬಹುದು. ಫೀಸು ಕಟ್ಟುವ ತಿಂಗಳಲ್ಲೋ, ಬೆಳಿಗ್ಗೆ ಹೊಟ್ಟೆನೋವೆಂದು ಮಗು ಅಳುತ್ತಾ ಕುಳಿತ ದಿನವೋ, ಸಂಜೆ ಹೋಂವರ್ಕ್ ಮುಗಿಸಿ ಜಪಸರಕ್ಕೆ ಕೂರುವ ಹೊತ್ತಿಗೆ ಅದು ತೂಕಡಿಸುವಾಗಲೋ. ಬೆಂಗಳೂರಿನಂಥ ನಗರಗಳಲ್ಲಿ ಕೆಲವು ಕುಟುಂಬಗಳು ಈ ಹಾದಿ ಹಿಡಿದೂ ಇವೆ. ಸರಿಯೋ ತಪ್ಪೋ ಎಂದು ಒಂದೇ ಮಾತಿನಲ್ಲಿ ಹೇಳುವಂಥ ವಿಷಯ ಇದಲ್ಲ.

ಮೊದಲು ಧರ್ಮಸಭೆಯ ಬೋಧನೆ ನೋಡೋಣ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯು, ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಯರೇ ಎಂದು ಸಾರುತ್ತದೆ. ಶಾಲೆ ಅವರಿಗೆ ನೆರವಾಗುವ ಸಂಸ್ಥೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 798ನೇ ವಿಧಿ, ಕಥೋಲಿಕ ಶಿಕ್ಷಣ ನೀಡುವ ಶಾಲೆಗಳಿಗೆ ಮಕ್ಕಳನ್ನು ಒಪ್ಪಿಸಬೇಕು ಎನ್ನುತ್ತದೆ. ಆಗದಿದ್ದರೆ ಶಾಲೆಯ ಹೊರಗಾದರೂ ಆ ಶಿಕ್ಷಣ ಸಿಗುವಂತೆ ನೋಡಿಕೊಳ್ಳಿ ಎಂದೂ ಹೇಳುತ್ತದೆ. ಆದ್ದರಿಂದ ಮನೆಯಲ್ಲಿ ಕಲಿಸುವವರನ್ನು ಸಭೆಗೆ ಬೆನ್ನು ತಿರುಗಿಸಿದವರಂತೆ ಕಾಣುವುದು ಸಲ್ಲದು. ಶಾಲೆಗೆ ಸೇರಿಸಿದೊಡನೆ ನಮ್ಮ ಹೊಣೆ ತೀರಿತು ಎನ್ನುವುದೂ ಸಲ್ಲದು. (ಈ ಎರಡನೆಯವರೇ ನಮ್ಮಲ್ಲಿ ಹೆಚ್ಚು ಎಂಬುದು ಭಾನುವಾರದ ಧರ್ಮೋಪದೇಶ ತರಗತಿ ನಡೆಸುವವರಿಗೆ ಚೆನ್ನಾಗಿ ಗೊತ್ತು.)

ನಮ್ಮ ಮನೆಗಳಲ್ಲಿ ಪಟವಾಗಿರುವ ಬಾಲಯೇಸುವಿನ ಸಂತ ತೆರೇಸಮ್ಮನವರ ಬಾಲ್ಯವನ್ನು ಈ ದೃಷ್ಟಿಯಿಂದ ಗಮನಿಸಿದ್ದೀರಾ? 1873ರಲ್ಲಿ ಹುಟ್ಟಿದ ಅವರು ನಾಲ್ಕೂವರೆ ವರ್ಷಕ್ಕೇ ತಾಯಿಯನ್ನು ಕಳೆದುಕೊಂಡರು. ಓದುಬರಹ, ಧರ್ಮೋಪದೇಶ ಎಲ್ಲವನ್ನೂ ಮನೆಯಲ್ಲಿ ಕಲಿಸಿದವರು ಅಕ್ಕ ಪೌಲಿನ್. ಎಂಟನೆಯ ವಯಸ್ಸಿನಲ್ಲಿ, 1881ರಲ್ಲಿ, ಬೆನೆಡಿಕ್ಟೈನ್ ಕನ್ಯಾಮಠದ ಶಾಲೆಗೆ ಸೇರಿದರು. ಪಾಠದಲ್ಲಿ ಮುಂದಿದ್ದುದರಿಂದ ತಮಗಿಂತ ದೊಡ್ಡವರ ಜೊತೆ ಕೂತರು. ಅದೇ ಕಾರಣಕ್ಕೆ ಒಬ್ಬ ದೊಡ್ಡ ಹುಡುಗಿಯ ಕಾಟವನ್ನೂ ಅನುಭವಿಸಿದರು. ಬೇರೆ ಮಕ್ಕಳಂತೆ ಆಡಲು ಬರುತ್ತಿರಲಿಲ್ಲ. ಆ ವರ್ಷಗಳೇ ತಮ್ಮ ಬಾಳಿನ ಅತಿ ದುಃಖದ ವರ್ಷಗಳೆಂದು ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1886ರಲ್ಲಿ ಅವರ ಆರೋಗ್ಯ ಕಂಡು ತಂದೆ ಲೂಯಿ ಮಾರ್ಟಿನ್ ಶಾಲೆ ಬಿಡಿಸಿ, ಊರಿನ ಒಬ್ಬ ಮಹಿಳೆಯ ಬಳಿ ಪಾಠಕ್ಕೆ ಕಳಿಸಿದರು. ಹಾಗೆ ಓದಿದ ಮಗಳನ್ನು 1997ರಲ್ಲಿ ಧರ್ಮಸಭೆ ತನ್ನ ಪಂಡಿತರ ಸಾಲಿಗೆ ಸೇರಿಸಿತು. ತಂದೆಯೂ 2015ರಲ್ಲಿ ಸಂತರಾದರು. ಮನೆಪಾಠ ಆ ಮಗುವಿಗೆ ಓದಿನಲ್ಲಿ ಬಲ ಕೊಟ್ಟಿತ್ತು, ಓರಗೆಯವರೊಡನೆ ಬೆರೆಯುವುದನ್ನು ಕಲಿಸಿರಲಿಲ್ಲ. ಇವೆರಡನ್ನೂ ಒಟ್ಟಿಗೆ ನೋಡಬೇಕು.

ಇನ್ನು ಕಾನೂನು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಅದರ 10ನೇ ಸೆಕ್ಷನ್ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಸೇರಿಸದ ಪೋಷಕರಿಗೆ ಶಿಕ್ಷೆಯನ್ನು ಮಾತ್ರ ಈ ಕಾಯಿದೆ ಹೇಳಿಲ್ಲ. ಮನೆಶಿಕ್ಷಣಕ್ಕೆ ಸ್ಪಷ್ಟ ಒಪ್ಪಿಗೆಯೂ ಅದರಲ್ಲಿಲ್ಲ. ಶಾಲೆ ಬಿಟ್ಟ ಮಕ್ಕಳನ್ನು ಹುಡುಕುತ್ತಾ ಬರುವ ಮೇಷ್ಟರಿಗೆ ಉತ್ತರ ಕೊಡಲು ಸಿದ್ಧರಿರಬೇಕು.

ಪರೀಕ್ಷೆಗೆ ದಾರಿಯಿದೆ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲೆ (ಈಗಿನ ಹೆಸರು ಎನ್‌ಐಒಎಸ್) 14 ತುಂಬಿದವರಿಗೆ ಹತ್ತನೇ ತರಗತಿಗೆ ಪ್ರವೇಶ ಕೊಡುತ್ತದೆ. ಐದು ವಿಷಯಗಳು ಸಾಕು. ಐದು ವರ್ಷದೊಳಗೆ ಒಂಬತ್ತು ಬಾರಿ ಪರೀಕ್ಷೆಗೆ ಅವಕಾಶವಿದೆ, ಪಾಸಾದ ವಿಷಯಗಳನ್ನು ಮತ್ತೆ ಬರೆಯಬೇಕಿಲ್ಲ. ಆದರೆ ಒಂದು ಮಾತು. ನಮ್ಮ ರಾಜ್ಯದಲ್ಲಿ ಸಿಇಟಿ ಮೂಲಕ ಸರಕಾರಿ ಸೀಟು ಪಡೆಯುವವರಲ್ಲಿ ಹೆಚ್ಚಿನವರು ಅರ್ಹರಾಗುವುದು, ಕರ್ನಾಟಕದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆಂಬ ನಿಯಮದಡಿ. ಬೇರೆ ನಿಯಮಗಳೂ ಉಂಟು, ಆದರೆ ಅವು ಎಲ್ಲರಿಗೂ ಒದಗುವುದಿಲ್ಲ. ಮಗುವಿಗೆ ಏಳೆಂಟು ವರ್ಷವಿರುವಾಗ ಎಂಜಿನಿಯರಿಂಗ್ ಯಾರಿಗೆ ನೆನಪಿರುತ್ತದೆ? ಆದರೂ ಆಗಲೇ ಲೆಕ್ಕ ಹಾಕಬೇಕಾದ ವಿಷಯ ಇದು.

ಕೊನೆಗೆ ನಿಮ್ಮ ಮನೆಯನ್ನೇ ನೋಡಿಕೊಳ್ಳಿ. ದಿನಕ್ಕೆ ಮೂರು ನಾಲ್ಕು ಗಂಟೆ ಮಗುವಿನ ಜೊತೆ ಕೂರುವವರು ಯಾರು? "ಅಮ್ಮ ಇದ್ದಾಳಲ್ಲ" ಎಂದು ತಂದೆ ಹೇಳಿ ಕೆಲಸಕ್ಕೆ ಹೊರಟರೆ ಅದು ಇಬ್ಬರ ನಿರ್ಧಾರ ಆಗಲಿಲ್ಲ. ಅಡಿಗೆ, ಅತ್ತೆಯ ಔಷಧಿ, ಕೈಕೂಸು, ಅದರ ಮೇಲೆ ಭಿನ್ನರಾಶಿ ಲೆಕ್ಕ! ಹೆಣ್ಣುಮಗುವಾದರೆ ಇನ್ನೂ ಎಚ್ಚರ ಬೇಕು. ಮನೆಯಲ್ಲಿದ್ದಾಳೆಂದು ಪಾತ್ರೆ ತೊಳೆಯಲು, ತಮ್ಮನನ್ನು ನೋಡಿಕೊಳ್ಳಲು ಕರೆಯುತ್ತಾ ಕರೆಯುತ್ತಾ ಪುಸ್ತಕ ಮುಚ್ಚಿಯೇ ಹೋಗುತ್ತದೆ. ಅಂಥ ಮನೆಯಲ್ಲಿ ಶಾಲೆಯೇ ಅವಳಿಗೆ ರಕ್ಷಣೆ. ಫೀಸು ಕಟ್ಟಲಾಗದ ಕಷ್ಟವೊಂದೇ ಕಾರಣವಾದರೆ, ಮೊದಲು ಫಾದರ್ ಅವರನ್ನು, ಶಾಲೆಯ ಮುಖ್ಯಸ್ಥರನ್ನು ಕಂಡು ಮಾತಾಡಿ. ಹತ್ತಿರದ ಸರಕಾರಿ ಶಾಲೆಯನ್ನೂ ನೋಡಿ ಬನ್ನಿ. ಮಗು ಅಳುವುದಾದರೆ ಏಕೆಂದು ಅದನ್ನೇ ಕೇಳಿ. ಒಬ್ಬ ಟೀಚರು, ಒಂದು ಬೆಂಚು ಬದಲಾದರೆ ಸರಿಹೋಗುವ ಸಂಗತಿಯೂ ಇರಬಹುದು.

ಎಲ್ಲ ಯೋಚಿಸಿ ಬಿಡಿಸುವುದೇ ಆದರೆ ವರ್ಗಾವಣೆ ಪತ್ರ, ಅಂಕಪಟ್ಟಿಗಳನ್ನು ಪಡೆದು ಜೋಪಾನ ಮಾಡಿ. ಮುಂದೆ ಮನಸ್ಸು ಬದಲಾದರೆ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು ಅದೇ ಕಾಯಿದೆಯ 4ನೇ ಸೆಕ್ಷನ್ ಹೇಳುತ್ತದೆ. ಆದರೆ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳನ್ನು ಈ ಕಾಯಿದೆಯಿಂದ ಹೊರಗಿಟ್ಟಿತು. ನಮ್ಮದೇ ಶಾಲೆಗೆ ಮರಳುವ ಆಸೆ ಇದ್ದರೆ, ಬಿಡುವ ಮೊದಲೇ ಅಲ್ಲಿಯ ಮುಖ್ಯಸ್ಥರೊಡನೆ ಮಾತಾಡಿಕೊಳ್ಳಿ.