ಒಬ್ಬರೇ ವಾದಕರು, ಎಷ್ಟೊಂದು ತಂಡ!

ಪ್ರಶ್ನೆ: ರುದ್ರೇಶ್ ಮಹಾಂತಪ್ಪ ಅವರ ಸ್ಯಾಕ್ಸೋಫೋನ್ ಮೊಬೈಲಿನಲ್ಲಿ ಕೇಳಿದೆ. ಹೆಸರು ನಮ್ಮ ಕಡೆಯವರದಿದ್ದಂಗ ಐತಿ, ಊದೋದು ಅಮೆರಿಕದ ಜಾಝ್. ಒಂದು ಆಲ್ಬಮ್‌ನಾಗ ಮೃದಂಗ, ಇನ್ನೊಂದರಾಗ ಗಿಟಾರಿನ ಗದ್ದಲ, ಮತ್ತೊಂದರಾಗ ಬರೇ ಮೂರು ಮಂದಿ. ಒಬ್ಬರೇ ಇಷ್ಟು ತಂಡ ಯಾಕ ಕಟ್ತಾರ್ರಿ?
– ಕಾಲೇಜು ವಿದ್ಯಾರ್ಥಿ, ಕೊಪ್ಪಳ

ಉತ್ತರ: ಮನೆತನ ಕರ್ನಾಟಕದ್ದೇ. ಹುಟ್ಟಿದ್ದು 1971ರಲ್ಲಿ, ಇಟಲಿಯ ತ್ರಿಯೆಸ್ಟೆಯಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಜಾಝ್‌ನಲ್ಲಿ ತಂಡ ಕಾಯಂ ಇರಲೇಬೇಕೆಂದಿಲ್ಲ. ತಲೆಯಲ್ಲೊಂದು ಪ್ರಶ್ನೆ ಕೊರೆಯತೊಡಗಿದರೆ ಅದಕ್ಕೆ ತಕ್ಕ ನಾಲ್ಕು ಮಂದಿಯನ್ನು ಕರೆದು ಕೂರಿಸಿಕೊಳ್ಳುತ್ತಾರೆ. ಪ್ರಶ್ನೆ ಬದಲಾದರೆ ಮಂದಿಯೂ ಬದಲು.

ಉದಾಹರಣೆಗೆ 2004ರ ‘ಮದರ್ ಟಂಗ್’ ಆಲ್ಬಮ್. ‘ನೀವು ಇಂಡಿಯನ್ ಮಾತಾಡ್ತೀರಾ?’ ಎಂಬ ಪೆದ್ದು ಪ್ರಶ್ನೆ ಅಮೆರಿಕದ ಭಾರತೀಯರಿಗೆಲ್ಲ ಎದುರಾಗುವಂಥದ್ದು. ಅದಕ್ಕೆ ಬೇರೆ ಬೇರೆ ಭಾಷೆಯವರು ಕೊಟ್ಟ ಉತ್ತರಗಳನ್ನು ಧ್ವನಿಮುದ್ರಿಸಿಕೊಂಡು, ಆ ಮಾತಿನ ಏರಿಳಿತವನ್ನೇ ಸ್ವರಕ್ಕಿಳಿಸಿದರು. ಅದರಲ್ಲೊಂದು ರಚನೆಯ ಹೆಸರೇ ‘ಕನ್ನಡ’. ಹಾಡಿನ ಸಾಹಿತ್ಯ ಹುಡುಕಬೇಡಿ, ಇಲ್ಲ. ಆದರೆ ನಮ್ಮ ಮಾತಿನ ಓಟ ಅದರಲ್ಲಿದೆ.

ಮೃದಂಗ ಇರುವುದು 2008ರ ‘ಕಿನ್ಸ್‌ಮೆನ್’ನಲ್ಲಿ. ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುವಾಗ ಮಹಾಂತಪ್ಪ ಅವರಿಗೆ ಅಣ್ಣ ತಮಾಷೆಗೆಂದು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂಬ ಆಲ್ಬಮ್ ಕೈಗಿಟ್ಟರಂತೆ. ಊದಿದವರು ನಮ್ಮ ಕದ್ರಿ ಗೋಪಾಲನಾಥ್. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಪಾಶ್ಚಾತ್ಯ ವಾದ್ಯದಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ಹೆಣಗಿದವರು. 1980ರ ಮುಂಬೈ ಜಾಝ್ ಯಾತ್ರಾದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಜೊತೆಗೂಡಿ ನುಡಿಸಿದರು. ಅಂದರೆ ಜಾಝ್ ಕದ್ರಿಯವರಿಗೆ ಹೊಸದಾಗಿರಲಿಲ್ಲ.

ಮುಂದೆ ಮಹಾಂತಪ್ಪ ಮತ್ತು ಕದ್ರಿ ಒಂದೇ ವೇದಿಕೆಗೆ ಬಂದರು. ಇಬ್ಬರದೂ ಆಲ್ಟೊ ಸ್ಯಾಕ್ಸೋಫೋನ್. ತೊಡಕು ಬೇರೆ ಕಡೆ ಇತ್ತು. ಕರ್ನಾಟಕ ಸಂಗೀತದಲ್ಲಿ ಷಡ್ಜ ಅಲುಗುವುದಿಲ್ಲ. ಜಾಝ್‌ನಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಮೇಲಿಂದ ಮೇಲೆ ಸರಿಯುತ್ತಲೇ ಇರುತ್ತವೆ. ‘ಕಿನ್ಸ್‌ಮೆನ್’ನಲ್ಲಿ ಕದ್ರಿ ತಮ್ಮ ರಾಗ ಬಿಡುವುದಿಲ್ಲ, ಮಹಾಂತಪ್ಪ ತಮ್ಮ ಜಾಝ್ ಬಿಡುವುದಿಲ್ಲ. ಎ. ಕನ್ಯಾಕುಮಾರಿಯವರ ಪಿಟೀಲು, ರೆಜ್ ಅಬ್ಬಾಸಿಯವರ ಗಿಟಾರು ನಡುವೆ ನಿಂತು ಎರಡೂ ಕಡೆ ಕೈಚಾಚುತ್ತವೆ. ನನ್ನ ಮಟ್ಟಿಗೆ ಮಹಾಂತಪ್ಪ ಅವರ ಕೆಲಸದಲ್ಲೆಲ್ಲ ಇದೇ ಮೇಲು.

ನೀವು ಕೇಳಿದ ಗಿಟಾರಿನ ಗದ್ದಲ ಬಹುಶಃ 2013ರ ‘ಗಮಕ್’. ಮೂರು ಮಂದಿಯದು 2020ರ ‘ಹೀರೋ ಟ್ರಿಯೊ’ ಇರಬೇಕು.

ಪ್ರಶ್ನೆ: ಹುಣ್ಣಿಮೆಗೆ ನಮ್ಮ ಹುಲಿಗೆಮ್ಮನ ಗುಡಿಗೆ ಬರೋ ಜೋಗತಿಯರ ಚೌಡಿಕೆ ಪದ ಕೇಳ್ತಾ ಬೆಳೆದಾಕಿ ನಾನು. ಬ್ಲೂಸ್ ಕೇಳಿದಾಗ ಅದೇ ನೆನಪಾಗ್ತದ. ಸಂಬಂಧ ಐತೇನ್ರಿ?
– ಓದುಗರು, ಹುಲಿಗಿ

ಉತ್ತರ: ರಕ್ತಸಂಬಂಧ ಇಲ್ಲವಮ್ಮ, ಹೋಲಿಕೆ ಇದೆ. ಬ್ಲೂಸ್ ಬೆಳೆದದ್ದು ಅಮೆರಿಕದ ದಕ್ಷಿಣದಲ್ಲಿ, ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ನಡುವೆ. ಗಾಯಕ ಒಂದು ಸಾಲು ಹೇಳಿ ಅದನ್ನೇ ಇನ್ನೊಮ್ಮೆ ಹೇಳುತ್ತಾನೆ, ಮೂರನೆಯದರಲ್ಲಿ ಅದಕ್ಕೆ ಉತ್ತರ. ಸಾಲಿನ ಕೊನೆಗೆ ಗಿಟಾರು ಮಾತಾಡುತ್ತದೆ. ಚೌಡಿಕೆ ಪದದಲ್ಲೂ ಮುಂದಿನವರು ಹೇಳಿದ್ದನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ. ಗಿಟಾರಿನ ತಂತಿ ಎಳೆದರೆ ಸ್ವರ ಬಾಗುತ್ತದೆ. ಚೌಡಿಕೆಯ ಒಂಟಿ ತಂತಿಯ ಬಿಗಿ ಬದಲಾದರೂ ಹಾಗೇ. ನಿಮ್ಮ ಕಿವಿ ಹಿಡಿದದ್ದು ಆ ಬಾಗನ್ನು. ಆದರೆ ‘ಚೌಡಿಕೆ ಪದವೇ ನಮ್ಮ ಬ್ಲೂಸ್’ ಎಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ. ಹುಲಿಗಿಯಲ್ಲೇ ದೀಕ್ಷೆ ಪಡೆದ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಆ ಹಾಡಿಗೆ ಅಮೆರಿಕದ ಹೆಸರಿನ ಆಸರೆ ಯಾಕೆ?

ಪ್ರಶ್ನೆ: ಫ್ಯೂಷನ್ ಅಂದರೆ ಕಲಬೆರಕೆ ತಾನೇ?
– ನಿವೃತ್ತ ಶಿಕ್ಷಕರು, ಕುಷ್ಟಗಿ

ಉತ್ತರ: ಬಹುಪಾಲು ಹೌದು ಗುರುಗಳೇ. ಆದರೂ 1983ರ ‘ಜ್ಯೋತಿ’ ಆಲ್ಬಮ್ ಒಮ್ಮೆ ಕೇಳಿ. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು, ಬಾಸ್ಟನ್ ಮೂಲದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ್ದು. ಆರ್.ಎ. ರಮಾಮಣಿಯವರ ಕಂಠಕ್ಕೆ ಸ್ಯಾಕ್ಸೋಫೋನ್ ಎಲ್ಲೂ ಅಡ್ಡ ಬರುವುದಿಲ್ಲ.

ಪ್ರಶ್ನೆ: ಮದುವಿ ಬ್ಯಾಂಡಿನ್ಯಾಗ ಆಲ್ಟೊ ಸ್ಯಾಕ್ಸೋಫೋನ್ ಊದ್ತೀನ್ರಿ. ಜಾಝ್ ಕಲಿಬೇಕಂದ್ರ ಎಲ್ಲಿಂದ ಸುರು ಮಾಡ್ಲಿ?
– ವಾದಕರು, ಮುನಿರಾಬಾದ್

ಉತ್ತರ: ಚಾರ್ಲಿ ಪಾರ್ಕರ್ ಅವರ ‘ನೌಸ್ ದ ಟೈಮ್’ನಿಂದ. 1945ರ ಈ ರಚನೆ ಬ್ಲೂಸ್ ಚೌಕಟ್ಟಿನದು: 12 ಬಾರ್, ಒಂದಕ್ಕೆ 4 ಎಣಿಕೆ, ಒಟ್ಟು 48. ಮೂಲ ಎಫ್‌ನಲ್ಲಿದೆ, ನಿಮ್ಮ ಆಲ್ಟೊದಲ್ಲಿ ಡಿಯಿಂದ ಊದಬೇಕು. ಮೊದಲು ಧಾಟಿ ಬಾಯಿಪಾಠವಾಗಲಿ. ಆಮೇಲೆ ಧಾಟಿ ಬಿಟ್ಟು ಮೂರೇ ಸ್ವರ ಇಟ್ಟುಕೊಂಡು 48 ಎಣಿಕೆ ಮುಗಿಸಿ, ಸರಿಯಾಗಿ ಒಂದಕ್ಕೆ ಬಂದು ಕೂಡಿ. ನಿಮ್ಮ ಡ್ರಮ್ಮಿನವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಎಣಿಕೆ ತಪ್ಪಿದರೆ ಮೊದಲು ಗೊತ್ತಾಗುವುದು ಅವರಿಗೇ.